ಪ್ರೈಮರಿ ಮಗುವಿಗೆ ಮನೆಪಾಠ: ಮೂರು ವರ್ಷ ಕಳಿಸಿದ ಮೇಲೆ ನನ್ನ ಅನುಭವ

ನಮ್ಮದು ಶಿವಮೊಗ್ಗದ ವಿನೋಬನಗರ. ಮಗಳು ಈಗ ಐದನೇ ಕ್ಲಾಸು. ಎರಡನೇ ಕ್ಲಾಸಿನಲ್ಲಿದ್ದಾಗ, 2022ರ ಕೊನೆಯಲ್ಲಿ, ಪಕ್ಕದ ಕ್ರಾಸಿನ ಒಬ್ಬ ನಿವೃತ್ತ ಶಿಕ್ಷಕಿಯ ಮನೆಗೆ ಪಾಠಕ್ಕೆ ಸೇರಿಸಿದೆವು. ಹೆಚ್ಚು ಕಾಲ ಹೋದದ್ದು ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ, ಒಟ್ಟು ನಾಲ್ಕೇ ಮಕ್ಕಳು. ಆಗ ತಿಂಗಳಿಗೆ 800 ರೂಪಾಯಿ, ಹೋದ ತಿಂಗಳವರೆಗೆ 1,200. ಇಷ್ಟು ಚಿಕ್ಕ ಮಕ್ಕಳಿಗೆ ಟ್ಯೂಷನ್ ಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಅವರಿಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಕೊರೊನಾದಿಂದಾಗಿ ಮಗಳ ಯುಕೆಜಿ ಪೂರ್ತಿ ಮೊಬೈಲಿನಲ್ಲೇ ಮುಗಿಯಿತು. ಒಂದನೇ ಕ್ಲಾಸು ಶುರುವಾದದ್ದೂ ಮೊಬೈಲಿನಲ್ಲೇ. ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಶಾಲೆಗಳು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಎರಡನೇ ಕ್ಲಾಸಿಗೆ ಬಂದಾಗ ಕಾಗುಣಿತ ಹೇಗೋ ಬರುತ್ತಿತ್ತು, ಒತ್ತಕ್ಷರ ಬಂದರೆ ನಿಂತುಬಿಡುತ್ತಿದ್ದಳು. ಲೆಕ್ಕ ಅಂದರೆ ಅಳು. ಇದು ನಮ್ಮೊಬ್ಬರ ಮನೆಯ ಕಥೆ ಅಲ್ಲ. ದೇಶದ ಹಳ್ಳಿಗಳಲ್ಲಿ ನಡೆಸುವ ಅಸರ್ ಸಮೀಕ್ಷೆಯ ಪ್ರಕಾರ, ಒಂದರಿಂದ ಎಂಟನೇ ಕ್ಲಾಸಿನ ಮಕ್ಕಳಲ್ಲಿ ದುಡ್ಡು ಕೊಟ್ಟು ಟ್ಯೂಷನ್‌ಗೆ ಹೋಗುವವರು 2018ರಲ್ಲಿ ನೂರಕ್ಕೆ 26.4 ಇದ್ದರು, 2022ಕ್ಕೆ 30.5 ಆದರು.

ಮೊದಲು ಸೇರಿಸಿದ್ದು ಬೇರೆ ಕಡೆ. ಅಲ್ಲಿ ಒಂದೇ ಕೋಣೆಯಲ್ಲಿ ಹದಿನೈದು ಹದಿನಾರು ಮಕ್ಕಳು. ಶಾಲೆಯ ಹೋಂವರ್ಕ್ ಮುಗಿಸಿ ಕಳಿಸುತ್ತಿದ್ದರು, ನೋಟ್‌ಬುಕ್ ಚೆನ್ನಾಗಿ ಕಾಣುತ್ತಿತ್ತು. ಉತ್ತರಗಳನ್ನೆಲ್ಲ ಅವರೇ ಹೇಳಿ ಬರೆಸುತ್ತಾರೆ ಅಂತ ನಮಗೆ ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು. ಬಿಡಿಸಿದೆವು. ಟ್ಯೂಷನ್ ಅಂದರೆ ಎಲ್ಲವೂ ಒಂದೇ ಅಲ್ಲ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ಈಗಿನ ಟೀಚರಜ್ಜಿ (ಮಕ್ಕಳೆಲ್ಲ ಹಾಗೇ ಕರೆಯುವುದು) ಮೊದಲ ದಿನ ಪುಸ್ತಕವನ್ನೇ ತೆಗೆಸಲಿಲ್ಲ. ಸ್ಲೇಟು ಕೊಟ್ಟು 42ರಲ್ಲಿ 17 ಕಳೆಯಲು ಹೇಳಿದರು. ಮಗಳು 35 ಅಂತ ಬರೆದಳು. ನಾನಾಗಿದ್ದರೆ ತಪ್ಪು ಅಂತ ಹೇಳಿ ಮತ್ತೆ ಮಾಡಿಸುತ್ತಿದ್ದೆ. ಅವರು "ಹೇಗೆ ಮಾಡ್ದೆ ಪುಟ್ಟಿ, ನಂಗೂ ಹೇಳು" ಅಂದರು. ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲಿ ಎರಡು ಕಳೆದೆ ಅಂದಳು. ಆಗ ಪೊರಕೆ ಕಡ್ಡಿಗಳನ್ನು ತಂದರು. ಹತ್ತತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ನಾಲ್ಕು ಕಟ್ಟು, ಜೊತೆಗೆ ಎರಡು ಬಿಡಿ ಕಡ್ಡಿ. "ಇದರಲ್ಲಿ ಹದಿನೇಳು ನಂಗೆ ಕೊಡು." ಮಗಳು ಒಂದು ಕಟ್ಟು ಕೊಟ್ಟಳು, ಎರಡು ಬಿಡಿ ಕಡ್ಡಿ ಕೊಟ್ಟಳು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ತಾನಾಗಿಯೇ ಇನ್ನೊಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದಳು. ಶಾಲೆಯಲ್ಲಿ ಹೇಳಿಕೊಟ್ಟ "ಬಾರೋ" (borrow, ಪಕ್ಕದ ಸ್ಥಾನದಿಂದ ಹತ್ತು ಸಾಲ ತರುವುದು) ಅಂದರೆ ಏನು ಅಂತ ಅವಳಿಗೆ ಹೊಳೆದದ್ದು ಆವತ್ತು. ನಾಲ್ಕು ಮಕ್ಕಳಿದ್ದರೆ ಮಾತ್ರ ಹೀಗೆ ಕಾಯಲು ಆಗುತ್ತದೆ. ನಲವತ್ತು ಮಕ್ಕಳಿರುವ ಕ್ಲಾಸಿನಲ್ಲಿ ಎಷ್ಟು ಒಳ್ಳೆಯ ಶಿಕ್ಷಕರಿಗೂ ಅಷ್ಟು ಹೊತ್ತು ಸಿಗುವುದಿಲ್ಲ.

ನಾವು ಎಣಿಸದೇ ಇದ್ದ ಲಾಭ ಇನ್ನೊಂದಿದೆ. ಸೇರಿಸಿ ಆರೇಳು ತಿಂಗಳಾಗಿತ್ತು. ಒಂದು ಸಂಜೆ ಕರೆದುಕೊಂಡು ಬರಲು ಹೋದಾಗ ಟೀಚರಜ್ಜಿ ಶಾಲೆಯ ಎರಡು ನೋಟ್‌ಬುಕ್ ತೆರೆದು ತೋರಿಸಿದರು. "ನೋಡಮ್ಮಾ, ಪುಸ್ತಕ ನೋಡಿ ಮಾಡಿದ ಲೆಕ್ಕದಲ್ಲಿ ತಪ್ಪಿಲ್ಲ. ಬೋರ್ಡ್ ನೋಡಿ ಇಳಿಸಿಕೊಂಡಿದ್ದರಲ್ಲಿ ಮಾತ್ರ ಮೂರು ಇದ್ದದ್ದು ಎಂಟಾಗಿದೆ, ಆರು ಇದ್ದದ್ದು ಸೊನ್ನೆಯಾಗಿದೆ. ಇವಳಿಗೆ ಲೆಕ್ಕ ಬರಲ್ಲ ಅಂತಲ್ಲ, ಬೋರ್ಡ್ ಕಾಣಲ್ಲ. ಕಣ್ಣು ತೋರಿಸು." ಅದೇ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋದೆವು. ಎರಡೂ ಕಣ್ಣಿಗೆ ಮೈನಸ್ ಒಂದೂವರೆ. ಅಷ್ಟು ದಿನ ನಾವು ಮಗುವನ್ನು "ಗಮನ ಇಲ್ಲ, ಗಮನ ಇಲ್ಲ" ಅಂತ ಬೈದಿದ್ದೆವು. ಕನ್ನಡಕ ಹಾಕಿಕೊಂಡು ಹೊರಗೆ ಬಂದವಳು ಎದುರಿನ ಮರ ನೋಡಿ "ಅಮ್ಮ, ಎಲೆ ಎಲ್ಲಾ ಬೇರೆ ಬೇರೆ ಕಾಣ್ತಿದೆ" ಅಂದಳು. ಅದನ್ನು ಈಗ ನೆನೆಸಿಕೊಂಡರೂ ಕಣ್ಣು ತುಂಬುತ್ತದೆ. ಮಗುವಿನ ಬರಹವನ್ನು ಅಷ್ಟು ಹತ್ತಿರದಿಂದ ನೋಡುವವರು ಒಬ್ಬರು ಇದ್ದರು, ಅದಕ್ಕೇ ಇದು ಗೊತ್ತಾಯಿತು.

ಅವರ ಮನೆಯಲ್ಲಿ ಒಂದು ನಿಯಮ ಇದೆ. "ಗೊತ್ತಾಗಲಿಲ್ಲ" ಅಂದರೆ ಯಾರಿಗೂ ಬೈಗುಳ ಇಲ್ಲ. ಆದರೆ ಸುಮ್ನೆ ಗೊತ್ತಾಗಲಿಲ್ಲ ಅಂದರೆ ಸಾಲದು. "ಎಲ್ಲೀವರೆಗೆ ಗೊತ್ತಾಯ್ತು, ಅಲ್ಲೀವರೆಗೆ ಹೇಳು" ಅನ್ನುತ್ತಾರೆ. ಈ ಅಭ್ಯಾಸ ಮೆಲ್ಲಗೆ ಶಾಲೆಗೂ ಹೋಯಿತು. ಮೂರನೇ ಕ್ಲಾಸಿನ ಪೋಷಕರ ಸಭೆಯಲ್ಲಿ ಮಿಸ್ ಹೇಳಿದರು, ಇವಳು ಈಗ ಕೈ ಎತ್ತಿ ಕೇಳುತ್ತಾಳೆ ಅಂತ. ಹಿಂದಿನ ವರ್ಷ ಅದೇ ಶಾಲೆಯಲ್ಲಿ "ತುಂಬಾ ಸೈಲೆಂಟ್" ಅಂದಿದ್ದರು.

ಜೊತೆಗೆ ಬರುವ ಮಕ್ಕಳಿಂದಲೂ ಕಲಿತಿದ್ದಾಳೆ. ನಾಲ್ವರದೂ ಬೇರೆ ಬೇರೆ ಶಾಲೆ, ಬೇರೆ ಬೇರೆ ಕ್ಲಾಸು. ಒಬ್ಬ ಹುಡುಗ ಸರ್ಕಾರಿ ಶಾಲೆಯವನು, ನಲಿ-ಕಲಿಯಲ್ಲಿ ಓದಿದವನು. ಅಲ್ಲಿ ಚಿಕ್ಕ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು, ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಅವನಿಗೆ ಕನ್ನಡ ಓದು ಸಲೀಸು, ಇವಳಿಗೆ ಇಂಗ್ಲಿಷ್. ಟೀಚರಜ್ಜಿ ಇಬ್ಬರನ್ನೂ ಎದುರುಬದುರು ಕೂರಿಸಿ ಒಬ್ಬರಿಗೊಬ್ಬರು ಹೇಳಿಕೊಡಲು ಬಿಟ್ಟರು. ಇವಳ ಒತ್ತಕ್ಷರದ ಭಯ ಹೋದದ್ದು ಅವನಿಂದ. ಈಗ ಒಂದನೇ ಕ್ಲಾಸಿನ ಒಂದು ಪುಟಾಣಿಗೆ ಇವಳೇ ಮಗ್ಗಿ ಹೇಳಿಕೊಡುತ್ತಾಳೆ. ಹಾಗೆ ಹೇಳಿಕೊಡುವಾಗಲೇ ಇವಳ ಏಳರ ಮಗ್ಗಿ ಗಟ್ಟಿಯಾಯಿತು. ಮಳೆಗಾಲದಲ್ಲಿ ಕರೆಂಟ್ ಹೋದರೆ ಚೌಕಾಬಾರದ ಮಣೆ ಹೊರಗೆ ಬರುತ್ತದೆ. ಕವಡೆ ಎಣಿಸಿ ಕಾಯಿ ನಡೆಸುವುದೂ ಲೆಕ್ಕವೇ ಅಲ್ವಾ.

ಮನೆಯಲ್ಲಿ ಆದ ಬದಲಾವಣೆಯನ್ನೂ ಹೇಳಬೇಕು. ಮೊದಲು ಸಂಜೆ ಆರರಿಂದ ಎಂಟರವರೆಗೆ ನಾನೂ ಮಗಳೂ ಹೋಂವರ್ಕ್ ಜಗಳದಲ್ಲಿರುತ್ತಿದ್ದೆವು. ಕೆಲಸ ಮುಗಿಸಿ ದಣಿದು ಬಂದ ನಾನು, ಶಾಲೆಯಿಂದ ದಣಿದು ಬಂದ ಅವಳು. ಒಮ್ಮೆ ನಾನು ಪುಸ್ತಕ ತೆಗೆದರೆ ಅವಳು ಹೆದರುತ್ತಾಳೆ ಅಂತ ನನಗೇ ಅನಿಸಿತು, ತುಂಬಾ ನೋವಾಯಿತು. ಈಗ ಆ ಹೊತ್ತಿನಲ್ಲಿ ಚಪಾತಿ ಲಟ್ಟಿಸುತ್ತಾ ಶಾಲೆಯ ಸುದ್ದಿ ಹೇಳುತ್ತಾಳೆ.

ಕೊರತೆಗಳೂ ಇವೆ. ಶುರುವಿನಲ್ಲಿ ಐದು ದಿನ ಕಳಿಸುತ್ತಿದ್ದೆವು. ಆಟದ ಹೊತ್ತೇ ಹೋಗಿ ಮಗು ಬಾಡಿಹೋಯಿತು, ಆಮೇಲೆ ಮೂರು ದಿನಕ್ಕೆ ಇಳಿಸಿದೆವು. ಪ್ರೈಮರಿ ಮಕ್ಕಳಿಗೆ ಮೂರು ದಿನಕ್ಕಿಂತ ಜಾಸ್ತಿ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮೂರನೇ ಕ್ಲಾಸಿನಲ್ಲಿ ಕೆಲವು ತಿಂಗಳು "ಅಜ್ಜಿ ಹೇಳಿದ ಮೇಲೆ ಮಾಡ್ತೀನಿ" ಅಂತ ಪ್ರತಿಯೊಂದಕ್ಕೂ ಕಾಯುತ್ತಿದ್ದಳು. ಟೀಚರಜ್ಜಿಯೇ ಅದನ್ನು ಗಮನಿಸಿ, ಮನೆಯಲ್ಲಿ ಒಮ್ಮೆ ಪ್ರಯತ್ನ ಮಾಡದೆ ತಂದ ಲೆಕ್ಕವನ್ನು ನೋಡುವುದಿಲ್ಲ ಅಂದರು. ಅಂಕ ತಕ್ಷಣ ಏರಲಿಲ್ಲ. ಮೊದಲ ವರ್ಷ ರಿಪೋರ್ಟ್ ಕಾರ್ಡಿನಲ್ಲಿ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಎರಡು ತಿಂಗಳಲ್ಲಿ ಎ ಪ್ಲಸ್ ಬೇಕು ಅನ್ನುವವರಿಗೆ ಇಂಥ ಪಾಠ ಹಿಡಿಸುವುದು ಕಷ್ಟ.

ಸೇರಿಸುವವರು ಒಂದು ವಾರ ಕಳಿಸಿ ನೋಡಿ. ಮಗು ಮನೆಗೆ ಬಂದಾಗ ಟೀಚರ್ ಏನು ಬರೆಸಿದರು ಅಂತ ಕೇಳಬೇಡಿ, ನೀನು ಏನು ಕೇಳಿದೆ ಅಂತ ಕೇಳಿ. ಇನ್ನೊಂದು ವಿಷಯ: ಶಿಕ್ಷಣ ಹಕ್ಕು ಕಾಯ್ದೆ, 2009ರ 28ನೇ ಸೆಕ್ಷನ್ ಪ್ರಕಾರ ಕೆಲಸದಲ್ಲಿರುವ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಹಾಗಾಗಿ ಮಗುವಿನ ಕ್ಲಾಸ್ ಟೀಚರ್ ಹತ್ತಿರವೇ ಪಾಠಕ್ಕೆ ಹಾಕುವ ಯೋಚನೆ ಬಿಡಿ. ನಿವೃತ್ತರು, ಬಿ.ಎಡ್ ಓದುತ್ತಿರುವವರು ನಿಮ್ಮ ಬೀದಿಯಲ್ಲೇ ಇರಬಹುದು.

ಹೋದ ತಿಂಗಳು ಟೀಚರಜ್ಜಿ ನನ್ನನ್ನು ಕರೆದು, "ಇವಳಿಗೆ ಇನ್ನು ನಾನು ವಾರಕ್ಕೆ ಒಂದು ದಿನ ಸಾಕಮ್ಮ, ಫೀಸೂ ಅಷ್ಟಕ್ಕೇ ಕೊಡಿ" ಅಂದರು. ಹಾಗಾಗಿ ಈಗ ಶನಿವಾರ ಮಾತ್ರ ಹೋಗುತ್ತಾಳೆ. ಉಳಿದ ಎರಡು ದಿನದ ಜಾಗ ಮೇಲಿನ ಮನೆಯ ಮೂರನೇ ಕ್ಲಾಸಿನ ಹುಡುಗನಿಗೆ ಸಿಕ್ಕಿದೆ. ಮೊದಲ ದಿನ ಅವನ ಕೈ ಹಿಡಿದು ಕರೆದುಕೊಂಡು ಹೋದದ್ದು ನನ್ನ ಮಗಳೇ.