ಮನೆಯಲ್ಲೇ ಹೊಲಿದ ಕ್ಯಾನ್ವಾಸ್ ಬೆಲ್ಟ್ ಬ್ಯಾಗ್: ಡೊಂಬಿವಲಿ ಲೋಕಲ್‌ನಲ್ಲಿ ಎಷ್ಟು ತಡೆಯಿತು?

ಮುಂಬೈ ಕಡೆ ಡೊಂಬಿವಲಿಯಿಂದ ದಾದರ್‌ಗೆ ಬೆಳಗಿನ ಲೋಕಲ್ ರೈಲು ಹತ್ತುವವರಿಗೆ ಎರಡು ಕೈಯೂ ಸಾಲುವುದಿಲ್ಲ. ಹೆಗಲ ಚೀಲ ಜನರ ನಡುವೆ ಸಿಕ್ಕಿಕೊಂಡು ಹಿಂದೆಯೇ ಉಳಿಯುತ್ತದೆ. ಅದಕ್ಕೇ ಸೊಂಟಕ್ಕೂ ಕಟ್ಟಬಹುದಾದ, ಎದೆಗೆ ಅಡ್ಡವಾಗಿಯೂ ಹಾಕಬಹುದಾದ ಬೆಲ್ಟ್ ಬ್ಯಾಗ್ ಒಂದನ್ನು ಹೊಲಿದುಕೊಂಡೆ. ಹೊಲಿದದ್ದು ಹೋದ ವರ್ಷ, ಮಳೆಗಾಲಕ್ಕೆ ಮುಂಚೆ. ಈ ವರ್ಷದ ಮಳೆಯೂ ಮುಗಿಯಿತು, ಇವತ್ತಿಗೂ ದಿನಾ ಅದೇ ಬ್ಯಾಗ್. 9 ಇಂಚು ಅಗಲ, ಐದೂವರೆ ಇಂಚು ಎತ್ತರ. ಫೋನ್, ಪಾಸ್, ಬೀಗದ ಕೈ, ಸಣ್ಣ ಪರ್ಸ್ ಆರಾಮಾಗಿ ಹಿಡಿಯುತ್ತವೆ.

ಬಟ್ಟೆ 10 ಔನ್ಸಿನ ಹತ್ತಿ ಕ್ಯಾನ್ವಾಸ್. ಔನ್ಸ್ ಅಂದರೆ ಒಂದು ಚದರ ಗಜ ಬಟ್ಟೆಯ ತೂಕ. ನಮ್ಮ ಅಂಗಡಿಗಳಲ್ಲಿ ಜಿಎಸ್ಎಂ, ಅಂದರೆ ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ ಕೇಳಬೇಕು. ಸುಮಾರು 340 ಜಿಎಸ್ಎಂ ಅಂದರೆ ಅದೇ. 12 ಔನ್ಸಿನದು 400 ದಾಟುತ್ತದೆ, ಮನೆಯ ಮಿಷನ್‌ಗೆ ಅದು ಹೊರೆ, ಈ ಅಳತೆಯ ಚೀಲಕ್ಕೆ ಬೇಕಾಗಿಯೂ ಇಲ್ಲ. ಒಳಗಿನ ಬಟ್ಟೆಗೆ ಮುಂಬೈಯ ಬಟ್ಟೆ ಪೇಟೆ ಮಂಗಳದಾಸ್ ಮಾರ್ಕೆಟ್‌ಗೆ ಹೋಗುವವರು ಭಾನುವಾರ ಬಿಟ್ಟು ಹೋಗಿ. ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿಯುವುದಾದರೆ ಸ್ಲೋ ಗಾಡಿಯೇ ಹಿಡಿಯಬೇಕು, ಫಾಸ್ಟ್ ಅಲ್ಲಿ ನಿಲ್ಲುವುದಿಲ್ಲ.

ಕತ್ತರಿಸುವ ಮೊದಲು ಕ್ಯಾನ್ವಾಸನ್ನು ಒಗೆಯಲೇಬೇಕು. ಹೊಸ ಹತ್ತಿ ಬಟ್ಟೆ ಕುಗ್ಗುತ್ತದೆ, ಒಳಗಿನ ಬಟ್ಟೆ ಅಷ್ಟು ಕುಗ್ಗುವುದಿಲ್ಲ. ಆಮೇಲೆ ಚೀಲ ಸೊಟ್ಟಗೆ ನಿಲ್ಲುತ್ತದೆ. ಗಾಢ ಬಣ್ಣದ್ದಾದರೆ ನೀರು ತಿಳಿಯಾಗುವವರೆಗೂ ಒಗೆಯಿರಿ. ಮುಂಬೈ ಬೆವರಿಗೆ ಆ ಬಣ್ಣ ಬಿಳಿ ಕುರ್ತಾಕ್ಕೆ ಹತ್ತದೆ ಇರುವುದಿಲ್ಲ.

ಮನೆಯ ಮಿಷನ್‌ನಲ್ಲಿ ಆಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಖಂಡಿತ ಆಗುತ್ತದೆ. ನನ್ನದು ಅತ್ತೆಯ ಕಾಲದ ಉಷಾ ಕಾಲು ಮಿಷನ್. 18 ನಂಬರ್ ಸೂಜಿ, ಗಟ್ಟಿ ಪಾಲಿಯೆಸ್ಟರ್ ದಾರ, ಹೊಲಿಗೆ ಸ್ವಲ್ಪ ಉದ್ದ, ಅಂದರೆ 3 ಮಿಲಿಮೀಟರ್ ಮೇಲೆ. ದಪ್ಪ ಜಾಗ ಬಂದಾಗ ತುಳಿಯುವುದನ್ನು ನಿಲ್ಲಿಸಿ ಗಾಲಿಯನ್ನು ಕೈಯಲ್ಲೇ ತಿರುಗಿಸಬೇಕು. ಬಟ್ಟೆಯನ್ನು ಒತ್ತಿ ಹಿಡಿಯುವ ಫುಟ್ ವಾಲಿದರೆ ಅದರ ಹಿಂದೆ ಕ್ಯಾನ್ವಾಸ್ ತುಂಡೊಂದನ್ನು ಮಡಚಿ ಇಟ್ಟರೆ ಸಮವಾಗುತ್ತದೆ, ಹೊಲಿಗೆ ತಪ್ಪುವುದಿಲ್ಲ.

ಇನ್ನು ನಿಜವಾದ ವಿಷಯ, ಕಿವಿಗಳು. ಚೀಲದ ಎರಡು ಬದಿಗೆ ಬೆಲ್ಟ್ ಸೇರುವ ತುಂಡುಗಳಿಗೆ ನಾನು ಹಾಗನ್ನುತ್ತೇನೆ. ಬಹಳ ಜನ ಬೆಲ್ಟಿನ ನಿವಾರ್ ಪಟ್ಟಿಯನ್ನು (ದಪ್ಪಗೆ ನೇಯ್ದ ಪಟ್ಟಿ) ನೇರವಾಗಿ ಬದಿಯ ಹೊಲಿಗೆಯೊಳಗೆ ತುರುಕಿ ಹೊಲಿಯುತ್ತಾರೆ. ಹಾಗೆ ಮಾಡಿದರೆ ಎಳೆತವೆಲ್ಲ ಒಂದೂವರೆ ಇಂಚಿನ ಜಾಗದ ಮೇಲೆಯೇ ಬೀಳುತ್ತದೆ. ಬೆಲ್ಟ್ ಬ್ಯಾಗ್ ಮೊದಲು ಕಿತ್ತುಬರುವುದು ಅಲ್ಲೇ. ಅದರ ಬದಲು ಎರಡು ಪದರ ಕ್ಯಾನ್ವಾಸಿನಿಂದ ಕಿವಿ ಮಾಡಿ. ಚೀಲದ ಕಡೆ 4 ಇಂಚು ಅಗಲ, ಬೆಲ್ಟಿನ ಕಡೆ ಕಿರಿದಾಗುತ್ತಾ ಒಂದೂವರೆ. ಕಿರಿದಾದ ಬಾಯಿಯೊಳಗೆ ಪಟ್ಟಿಯನ್ನು ಒಂದು ಇಂಚು ತೂರಿಸಿ, ಚೌಕಾಕಾರವಾಗಿ ಹೊಲಿದು, ಮಧ್ಯೆ ಅಡ್ಡಡ್ಡ ಎರಡು ಗೆರೆ ಹಾಕಬೇಕು. ಈಗ ಎಳೆತ 4 ಇಂಚಿಗೆ ಹರಡುತ್ತದೆ. ಬದಿಯ ಹೊಲಿಗೆಯಲ್ಲಿ ಪಟ್ಟಿಯೇ ಇರುವುದಿಲ್ಲವಾದ್ದರಿಂದ ಮಿಷನ್‌ಗೂ ಕಷ್ಟವಿಲ್ಲ. ಇಷ್ಟು ದಿನದ ನೂಕುನುಗ್ಗಲಿನಲ್ಲಿ ನನ್ನ ಚೀಲದ ಕಿವಿಯ ಒಂದು ಹೊಲಿಗೆಯೂ ಸಡಿಲಾಗಿಲ್ಲ. ಬೇರೆ ಎಲ್ಲಿ ಸಮಯ ಉಳಿಸಿದರೂ ಸರಿ, ಇಲ್ಲಿ ಉಳಿಸಬೇಡಿ.

ಬಕಲ್ ಮಾತ್ರ ಕೈಕೊಟ್ಟಿತು. ಕುರ್ಲಾ ಸ್ಟೇಷನ್ನಿನ ಗದ್ದಲದಲ್ಲಿ ಅದರ ಒಂದು ಹಲ್ಲು ಮುರಿಯಿತು. ಚೀಲ ಎದೆಗೆ ಒತ್ತಿಕೊಂಡಿದ್ದರಿಂದ ಬೀಳಲಿಲ್ಲ. ಬದಲಿಸಿದ್ದು ಸ್ವಲ್ಪ ಜಾಸ್ತಿ ಬೆಲೆಯದು. ಹಲ್ಲನ್ನು ಬೆರಳಲ್ಲಿ ಒತ್ತಿದರೆ ಬಾಗಿ ಹಿಂದಕ್ಕೆ ಬರುವಂಥದ್ದು. ಬಕಲ್ ಹೊಲಿಗೆ ಬಿಚ್ಚದೆ ಬದಲಿಸಲು ಬರಬೇಕೆಂದರೆ ಒಂದು ತುದಿಯಲ್ಲಾದರೂ ಪಟ್ಟಿಯನ್ನು ಹೊಲಿಯದೆ, ಉದ್ದ ಹೆಚ್ಚುಕಡಿಮೆ ಮಾಡುವ ಅಡ್ಜಸ್ಟರ್ ಮೂಲಕ ತಿರುಗಿಸಿ ಬಿಡಿ.

ಪಟ್ಟಿ ಪಾಲಿಪ್ರೊಪಿಲೀನಿನದು, ನೀರು ಹೀರುವುದಿಲ್ಲ. ಹತ್ತಿಯ ನಿವಾರ್ ಮೈಗೆ ಹಿತ, ಆದರೆ ಜುಲೈಯಲ್ಲಿ ಒದ್ದೆಯಾದರೆ ಒಣಗುವುದೇ ಇಲ್ಲ. ಜಿಪ್ 5 ನಂಬರಿನ ನೈಲಾನ್ ಕಾಯಿಲ್, ಅಂದರೆ ಹಲ್ಲಿನ ಬದಲು ಸುರುಳಿ ಸುತ್ತಿದ ನೈಲಾನ್ ಇರುವಂಥದ್ದು. ಈ ಸಮುದ್ರದ ಗಾಳಿಗೆ ಲೋಹದ ಹಲ್ಲು ಬೇಡ. ರನ್ನರ್ ಬಿಗಿಯಾದಾಗ ಮೇಣದಬತ್ತಿ ಉಜ್ಜಿದರೆ ಸಾಕು.

ಮಳೆಗೆ ಈ ಚೀಲಕ್ಕೆ ಪೂರ್ತಿ ಅಂಕ ಕೊಡಲಾರೆ. ಒಳಗೆ ಛತ್ರಿ ಬಟ್ಟೆ ಹಾಕಿದ್ದೇನೆ, ಸ್ಟೇಷನ್ನಿನಿಂದ ಮನೆಗೆ ಬರುವಷ್ಟರಲ್ಲಿ ಫೋನ್ ನೆನೆಯುವುದಿಲ್ಲ. ಜೋರು ಮಳೆಯಲ್ಲಿ ಹೊಲಿಗೆಯ ರಂಧ್ರಗಳಿಂದ ನೀರು ಜಿನುಗುತ್ತದೆ. ಛತ್ರಿ ಬಟ್ಟೆಗೆ ಗುಂಡುಪಿನ್ನು ಚುಚ್ಚಬೇಡಿ, ಆ ತೂತು ಮುಚ್ಚುವುದಿಲ್ಲ. ಕ್ಲಿಪ್ ಹಾಕಿ. ಮನೆಗೆ ಬಂದ ಕೂಡಲೇ ಚೀಲ ಖಾಲಿ ಮಾಡಿ, ಒಳಗನ್ನು ಹೊರಗೆ ತಿರುಗಿಸಿ ಫ್ಯಾನಿನ ಕೆಳಗೆ ಹಾಕಿದರೆ ಬೂಷ್ಟು ಹಿಡಿಯುವುದಿಲ್ಲ.

ಮಡಿಕೆಗಳಲ್ಲಿ ಬಣ್ಣ ಮಾಸಿದೆ. ನನಗದು ಚೆನ್ನಾಗಿಯೇ ಕಾಣುತ್ತದೆ. ಐದಕ್ಕೆ ನಾಲ್ಕು ಕೊಡುತ್ತೇನೆ, ಕಡಿಮೆಯಾದ ಒಂದು ಮಳೆಯ ಲೆಕ್ಕಕ್ಕೆ.

ವಿರಾರ್ ಲೈನಿನಲ್ಲಿ ಓಡಾಡುವ ನಾದಿನಿ ತನಗೂ ಒಂದು ಬೇಕು ಅಂದಿದ್ದಾಳೆ. ಮೈಗೆ ತಾಗುವ ಹಿಂದಿನ ಜೇಬಿನ ಜಿಪ್ ನನ್ನದರಲ್ಲಿ 7 ಇಂಚು. ಅವಳದಕ್ಕೆ 8 ಹಾಕುತ್ತೇನೆ, ಅವಳ ಫೋನ್ ದೊಡ್ಡದು.