ಫೋಟೋದಲ್ಲಿ ಕೆಂಪಗೆ ಕಂಡಿದ್ದೆಲ್ಲ ಪ್ರೈಮರ್ ಅಲ್ಲ

ಗೇಟಿಗೋ ಗ್ರಿಲ್ಲಿಗೋ ಪೇಂಟ್ ಹೊಡೆಸಬೇಕು ಅಂತಿದ್ದೀರಾ? ರೆಡ್ ಆಕ್ಸೈಡ್, ಅಂದರೆ ಕಬ್ಬಿಣಕ್ಕೆ ಪೇಂಟಿಗೆ ಮುಂಚೆ ಹೊಡೆಯುವ ಕೆಂಪು ಪ್ರೈಮರ್, ಅದರ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಇದನ್ನು ಓದಿಬಿಡಿ. ನಾನು ಮೋಸ ಹೋದೆ. ಕತ್ತಲಲ್ಲಿ ಅಲ್ಲ, ಕಣ್ಣಾರೆ ನೋಡಿ, "ಸೂಪರ್" ಅಂತ ಹೇಳಿ ಮೋಸ ಹೋದೆ. ಬರೆಯುವುದಕ್ಕೇ ನಾಚಿಕೆ ಆಗುತ್ತಿದೆ.

ನಮ್ಮ ಗೇಟು ಹಳೆಯದು. ಕೆಳಗಿನ ಅಡ್ಡಪಟ್ಟಿಯಲ್ಲಿ, ಸರಳು ಪಟ್ಟಿಗೆ ಸೇರುವ ವೆಲ್ಡಿಂಗ್ ಹತ್ತಿರ ಚೆನ್ನಾಗಿ ತುಕ್ಕು ಹಿಡಿದಿತ್ತು. ಉಳಿದ ಕಡೆ ಬಣ್ಣ ಮಂಕಾಗಿತ್ತು, ಅಷ್ಟೆ. ಪೇಂಟರ್ ಬಂದು ನೋಡಿದರು. ಮಾತುಕತೆ ಎಲ್ಲರ ಮನೆಯಲ್ಲಿ ಆಗುವ ಹಾಗೇ ಆಯ್ತು. ತುಕ್ಕು ಪೂರ್ತಿ ಉಜ್ಜಿ ತೆಗೆಯುವುದು, ಒಂದು ಕೋಟ್ ರೆಡ್ ಆಕ್ಸೈಡ್, ಮೇಲೆ ಎರಡು ಕೋಟ್ ಕಪ್ಪು ಎನಾಮೆಲ್. "ನೀವು ಆರಾಮಾಗಿ ಆಫೀಸಿಗೆ ಹೋಗಿ ಸಾರ್, ಇನ್ನು ಐದು ವರ್ಷ ಈ ಗೇಟ್ ಕಡೆ ತಿರುಗಿ ನೋಡೋ ಹಾಗಿಲ್ಲ" ಅಂದರು. ಇದು ಚೆನ್ನಾಗಿ ಬಂದರೆ ಕಿಟಕಿ ಗ್ರಿಲ್ ಕೆಲಸವೂ ನಿಮಗೇ ಅಂತ ನಾನೂ ಅಂದೆ. ನನ್ನ ಬಾಯಿ ಸುಮ್ನೆ ಇರುವುದಿಲ್ಲವಲ್ಲ.

ಬೆಳಿಗ್ಗೆ ನಾನು ಹೊರಡುವವರೆಗೂ ತಂತಿ ಬ್ರಷ್ಷಿನ ಸದ್ದು ಜೋರಾಗಿತ್ತು. ಮಧ್ಯಾಹ್ನ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. "ಪ್ರೈಮರ್ ಫುಲ್ ಆಯ್ತು ಸಾರ್." ಗೇಟು ಮೇಲಿಂದ ಕೆಳಗಿನವರೆಗೂ ಕೆಂಪಗಿತ್ತು. ನಾನು "ಸೂಪರ್" ಅಂತ ಕಳಿಸಿದೆ. ಮಾರನೇ ದಿನ ಸಂಜೆ ಬಂದಾಗ ಗೇಟು ಕಪ್ಪಗೆ ಹೊಳೆಯುತ್ತಿತ್ತು. ಸ್ವಲ್ಪವೂ ಹಿಡಿದುಕೊಳ್ಳದೆ ಪೂರ್ತಿ ದುಡ್ಡು ಕೊಟ್ಟೆ. ಸಾಲದು ಅಂತ ನಾಲ್ಕು ಜನಕ್ಕೆ ಅವರ ನಂಬರ್ ಬೇರೆ ಕೊಟ್ಟೆ.

ಐದು ತಿಂಗಳು ತುಂಬಿರಲಿಲ್ಲ. ಕೆಳಗಿನ ಪಟ್ಟಿಯ ಮೇಲೆ ಸಣ್ಣ ಸಣ್ಣ ಗುಳ್ಳೆ, ಸೊಳ್ಳೆ ಕಚ್ಚಿದ ದದ್ದಿನ ಹಾಗೆ. ಒಂದನ್ನು ಉಗುರಿನಿಂದ ಒತ್ತಿದೆ. ಒಡೆದು ಕಂದು ನೀರು ಬಂತು. ಅದರ ಪಕ್ಕದಲ್ಲೇ ಉಗುರು ತೂರಿಸಿದರೆ ಹೆಬ್ಬೆರಳಗಲದ ಚಕ್ಕೆ ಒಂದು ಎದ್ದೇ ಬಂತು. ತಿರುಗಿಸಿ ನೋಡಿದೆ. ಒಂದು ಕಡೆ ಕಪ್ಪು ಹೊಳಪು. ಇನ್ನೊಂದು ಕಡೆ ಬರೀ ತುಕ್ಕಿನ ಪುಡಿ. ಪ್ರೈಮರ್ ಹೊಡೆದಿದ್ದರೆ ಪುಡಿ ಒರೆಸಿದ ಮೇಲೂ ಕೆಂಪು ಪದರ ಅಂಟಿಕೊಂಡಿರಬೇಕಲ್ವಾ? ಒರೆಸಿದೆ. ಕಪ್ಪು. ಇನ್ನೊಂದು ಚಕ್ಕೆ ಎಬ್ಬಿಸಿ ಒರೆಸಿದೆ. ಅದೂ ಕಪ್ಪೇ.

ಆಗ ಆ ಫೋಟೋ ನೆನಪಾಯ್ತು. ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತೇ ಮೊಬೈಲಿನಲ್ಲಿ ಹುಡುಕಿ ತೆಗೆದೆ. ದೊಡ್ಡದು ಮಾಡಿ ನೋಡಿದೆ. ಮೇಲಿನ ಮುಕ್ಕಾಲು ಭಾಗ ಒಂದೇ ಸಮ ಕೆಂಪು. ಕೆಳಗೆ, ಬಗ್ಗಿ ಕೂತು ಹೊಡೆಯಬೇಕಾದ ಜಾಗದಲ್ಲಿ, ಕೆಂಪು ಸ್ವಲ್ಪ ಬೇರೆ. ಒರಟೊರಟು. ಚುಕ್ಕೆ ಚುಕ್ಕೆ. ಅದು ಪ್ರೈಮರ್ ಅಲ್ಲ. ತುಕ್ಕು! ನಾನು ಸೂಪರ್ ಅಂದಿದ್ದು ತುಕ್ಕಿಗೆ.

ರೆಡ್ ಆಕ್ಸೈಡಿನ ಕೆಂಪೂ ಐರನ್ ಆಕ್ಸೈಡೇ, ತುಕ್ಕೂ ಐರನ್ ಆಕ್ಸೈಡೇ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣದೆ ಇನ್ನೇನಾಗುತ್ತದೆ. ಇದು ಪೇಂಟರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಫೋನ್ ಮಾಡಿದೆ. "ಕಬ್ಬಿಣ ಅಂದ್ಮೇಲೆ ತುಕ್ಕು ಹಿಡೀದೆ ಇರುತ್ತಾ ಸಾರ್?" ಮೊದಲ ಉತ್ತರವೇ ಇದು. ಹಾಗಾದರೆ ಪೇಂಟ್ ಯಾಕೆ ಹೊಡೆಸಿದ್ದು, ಚಂದಕ್ಕಾ? ಆಮೇಲೆ, "ನೀವು ಗೇಟಿಗೆ ನೀರು ಬಿಟ್ಟು ತೊಳೆದಿರ್ತೀರಿ." ಅಲ್ಲಾ ಸ್ವಾಮಿ, ಗೇಟು ಇರುವುದು ಬಯಲಲ್ಲಿ. ಮಳೆ ನಮ್ಮನ್ನು ಕೇಳಿ ಬರುತ್ತದಾ? ಮೂರನೆಯದು ಇನ್ನೂ ಚೆನ್ನಾಗಿದೆ. "ಪೇಂಟ್ ಬಿದ್ರೆ ಒಳಗೆ ಗಾಳಿ ಹೋಗಲ್ಲ ಸಾರ್, ತುಕ್ಕು ಅಲ್ಲೇ ಸತ್ತೋಗುತ್ತೆ." ಎಷ್ಟು ಧೈರ್ಯವಾಗಿ ಹೇಳಿದರು ಅಂದರೆ, ಒಂದು ಗಳಿಗೆ ನಾನೂ ನಂಬಿದೆ.

ಸಾಯುವುದಿಲ್ಲ. ತುಕ್ಕು ಸ್ಪಂಜಿನ ಹಾಗೆ ತೇವ ಹಿಡಿದುಕೊಂಡಿರುತ್ತದೆ. ಎನಾಮೆಲ್ ಪದರವೂ ಗಾಳಿ, ತೇವವನ್ನು ಪೂರ್ತಿ ತಡೆಯುವುದಿಲ್ಲ. ಕಬ್ಬಿಣ ತುಕ್ಕಾದರೆ ಮೊದಲಿನ ದುಪ್ಪಟ್ಟಿಗಿಂತ ಜಾಸ್ತಿ ಜಾಗ ಬೇಕು. ಆ ಜಾಗಕ್ಕಾಗಿ ಅದು ಪೇಂಟನ್ನೇ ಮೇಲಕ್ಕೆ ಎತ್ತುತ್ತದೆ. ಅದಕ್ಕೇ ಆ ಗುಳ್ಳೆ. ಅಲ್ಲದೆ ಆ ಪೇಂಟು ಹಿಡಿದುಕೊಂಡಿದ್ದು ಸಡಿಲ ತುಕ್ಕನ್ನು, ಕಬ್ಬಿಣವನ್ನಲ್ಲ. ತುಕ್ಕು ಕಳಚಿದರೆ ಪೇಂಟೂ ಕಳಚಿತು.

ನಾನು ಬಿಡಲಿಲ್ಲ. ಕೆಳಗಡೆ ಪ್ರೈಮರ್ರೇ ಹೊಡೆದಿಲ್ಲವಲ್ಲ, ಫೋಟೋದಲ್ಲೇ ಕಾಣುತ್ತಿದೆ ಅಂದೆ. ಆಗ ಬಂತು ಕೊನೆ ಉತ್ತರ. "ಫೋಟೋ ಕಳಿಸಿದ್ನಲ್ಲ ಸಾರ್. ಆಗ್ಲೇ ಹೇಳ್ಬೇಕಿತ್ತು. ನೀವೇ ಸೂಪರ್ ಅಂದ್ರಲ್ಲ?"

ಇದಕ್ಕೆ ಏನು ಹೇಳಲಿ? ಫೋನ್ ಇಟ್ಟೆ.

ಸಿಟ್ಟಿಗೆ ಕೂತು ಓದಿದೆ. ಪೇಂಟಿಗೆ ಮುಂಚೆ ಉಕ್ಕು ಎಷ್ಟು ಚೊಕ್ಕಟ ಇರಬೇಕು ಅನ್ನುವುದಕ್ಕೇ ಐಎಸ್‌ಓ 8501-1 ಅಂತ ಒಂದು ಮಾನದಂಡ ಇದೆ, ಫೋಟೋ ಸಮೇತ. ಕೈಯಲ್ಲೋ ಸಣ್ಣ ಮೆಷಿನ್ನಿನಲ್ಲೋ ಉಜ್ಜುವುದಕ್ಕೆ ಅದರಲ್ಲಿ ಎಸ್‌ಟಿ 2, ಎಸ್‌ಟಿ 3 ಅಂತ ಎರಡು ದರ್ಜೆ. ಎಸ್‌ಟಿ 3 ಅಂದರೆ ಲೋಹದ ಹೊಳಪು ಕಾಣುವವರೆಗೆ ಉಜ್ಜಬೇಕು. ನಮ್ಮ ಗೇಟಿಗೆ ಆಗಿದ್ದು ಯಾವ ದರ್ಜೆಯೂ ಅಲ್ಲ, ಬರೀ ಸದ್ದು.

ಆದ್ದರಿಂದ ಕೇಳಿ. ಉಜ್ಜಿ ಮುಗಿಸಿದಾಗ ನೀವು ಅಲ್ಲಿರಬೇಕು. ಪ್ರೈಮರ್ ಡಬ್ಬಿ ತೆಗೆಯುವ ಮೊದಲು ಬಗ್ಗಿ ನೋಡಿ, ಬಟ್ಟೆಯಲ್ಲಿ ಒರೆಸಿ ನೋಡಿ, ಪಟ್ಟಿಯ ಅಡಿಗೆ ಬೆರಳು ಹಾಕಿ ನೋಡಿ. ಫೋಟೋ ನಂಬಬೇಡಿ. ರೆಡ್ ಆಕ್ಸೈಡೇ ಬೇಕು ಅಂತೇನೂ ಇಲ್ಲ. ಬೂದು ಬಣ್ಣದ ಜಿಂಕ್ ಫಾಸ್ಫೇಟ್ ಪ್ರೈಮರ್ ಸಿಗುತ್ತದೆ, ಎಲ್ಲಿ ಬಿಟ್ಟಿದ್ದಾರೆ ಅನ್ನುವುದು ದೂರದಿಂದಲೇ ಕಾಣುತ್ತದೆ. ಪೂರ್ತಿ ದುಡ್ಡು ಮಾತ್ರ ಕೊಡಬೇಡಿ. ಕೊಡಲೇಬೇಡಿ.

ಈಗ ಎರಡು ಭಾನುವಾರದಿಂದ ನಾನೇ ಉಜ್ಜುತ್ತಿದ್ದೇನೆ. ತಂತಿ ಬ್ರಷ್, ಆಮೇಲೆ 80ರ ಎಮರಿ ಪೇಪರ್, ಆಮೇಲೆ ಥಿನ್ನರ್ ಅದ್ದಿದ ಬಟ್ಟೆ. ಉಜ್ಜಿದ ಜಾಗಕ್ಕೆ ಅವತ್ತೇ ಪ್ರೈಮರ್. ರಾತ್ರಿ ಹಾಗೇ ಬಿಟ್ಟರೆ ತೇವಕ್ಕೆ ಬೆಳಿಗ್ಗೆ ಮತ್ತೆ ಕೆಂಪಗಾಗಿರುತ್ತದೆ, ಮೊದಲ ಭಾನುವಾರ ನನಗೆ ಹಾಗೇ ಆಯ್ತು. ವೆಲ್ಡಿಂಗ್ ಗಂಟು, ಚೂಪು ಅಂಚುಗಳಿಗೆ ಮೊದಲೇ ಒಂದು ಸಲ ಬ್ರಷ್ ಆಡಿಸುತ್ತೇನೆ, ಅಲ್ಲಿ ಪೇಂಟು ತೆಳ್ಳಗೆ ಜಾರಿಬಿಡುತ್ತದೆ. ಬೆನ್ನು ನೋವು ಬೇರೆ.

ನಂಬರ್ ಕೊಟ್ಟ ನಾಲ್ವರಲ್ಲಿ ಒಬ್ಬರ ಬಾಲ್ಕನಿ ಕಂಬಿಗೆ ಆಗಲೇ ಪೇಂಟ್ ಆಗಿದೆಯಂತೆ. ಅವರಿಗೆ ಇನ್ನೂ ಫೋನ್ ಮಾಡಿಲ್ಲ. ಧೈರ್ಯ ಬರುತ್ತಿಲ್ಲ. ಇದನ್ನು ಓದುತ್ತಿದ್ದರೆ ಕೆಳಗಿನ ಪಟ್ಟಿ ಒಮ್ಮೆ ನೋಡಿಕೊಂಡುಬಿಡಿ, ದಯವಿಟ್ಟು.

ನಿನ್ನೆ ಪೇಂಟರ್ ಕಡೆಯಿಂದ ಮೆಸೇಜ್ ಬಂದಿದೆ. "ಕಿಟಕಿ ಗ್ರಿಲ್ ಕೆಲ್ಸ ಇದೆ ಅಂದಿದ್ರಲ್ಲ ಸಾರ್, ಯಾವಾಗ ಬರ್ಲಿ?"