ಮೃಗಾಲಯ, ವಿಜ್ಞಾನ ಕೇಂದ್ರ, ಮರಳಿನ ಅಂಕಣ, ಕೊಳದ ದಂಡೆ: ಚಿಕ್ಕ ಮಕ್ಕಳೊಂದಿಗೆ ಎಲ್ಲಿಗೆ ಹೋಗುವುದು ಮೇಲು?

ಚಿಕ್ಕ ಮಕ್ಕಳಿರುವ ಮನೆಯಲ್ಲಿ ರಜೆಯ ದಿನ ಬಂತೆಂದರೆ ಎಲ್ಲಿಗೆ ಹೋಗೋಣ ಎಂಬ ಪ್ರಶ್ನೆ ಹಿಂದಿನ ರಾತ್ರಿಯೇ ಎದ್ದುಬಿಡುತ್ತದೆ. ದೂರದ ಪ್ರಯಾಣವನ್ನು ಮಕ್ಕಳು ತಾಳುವುದಿಲ್ಲ. ಆದ್ದರಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಮನೆ ಸೇರಬಹುದಾದ ಜಾಗಗಳಷ್ಟೇ ನಮ್ಮ ಪಾಲಿಗೆ ಉಳಿಯುತ್ತವೆ. ಆರು ವರ್ಷದ ಮಗಳನ್ನೂ ಮೂರು ವರ್ಷದ ಮಗನನ್ನೂ ಕರೆದುಕೊಂಡು ನಾವು ಮತ್ತೆ ಮತ್ತೆ ಹೋಗಿಬಂದ ಇಂಥ ನಾಲ್ಕು ಜಾಗಗಳನ್ನು ಇಲ್ಲಿ ಎದುರುಬದುರು ಇಟ್ಟು ನೋಡಿದ್ದೇನೆ: ಮೃಗಾಲಯ, ಮಕ್ಕಳ ವಿಜ್ಞಾನ ಕೇಂದ್ರ, ಮರಳಿನ ಅಂಕಣವಿರುವ ಆಟದ ಮೈದಾನ ಮತ್ತು ಕೊಳದ ದಂಡೆ. ಗ್ರಂಥಾಲಯದ ಕಥಾ ಸಮಯ ಮತ್ತು ರೈಲಿನ ಕಿರುಪಯಣಗಳ ಬಗ್ಗೆ ಕೊನೆಯಲ್ಲಿ ನಾಲ್ಕು ಮಾತು ಹೇಳುತ್ತೇನೆ.

ಹೋಲಿಸುವಾಗ ನಾನು ನೋಡಿದ್ದು ಮುಖ್ಯವಾಗಿ ಮೂರು ಸಂಗತಿಗಳನ್ನು. ಅಲ್ಲಿ ಮಗುವಿನ ಕೈಗೆ ಎಷ್ಟು ಕೆಲಸವಿದೆ, ಕಾಲಿಗೆ ಎಷ್ಟು ಓಡಾಟವಿದೆ, ಮತ್ತು ಸಾಕೆನಿಸಿದ ಗಳಿಗೆಯಲ್ಲಿ ಎದ್ದು ಬರುವುದು ಎಷ್ಟು ಸುಲಭ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈಯಾಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂತೆ ಓಡಿ ಕುಣಿಯಬೇಕು. ತಳ್ಳುಗಾಡಿಯಂಥದರಲ್ಲಿ ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು. ಹೊರಗೆ ಕಳೆಯುವ ಅರ್ಧ ದಿನದಲ್ಲಿ ಈ ಲೆಕ್ಕದ ಬಹುಪಾಲು ತೀರುವಂತಿದ್ದರೆ ಉಳಿದ ದಿನ ಹಗುರವಾಗುತ್ತದೆ, ಮಕ್ಕಳ ನಿದ್ದೆಯೂ ಸೊಗಸಾಗಿರುತ್ತದೆ.

ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಲಿ ಎಂದು ಯಾರನ್ನು ಕೇಳಿದರೂ ಮೊದಲು ಬಾಯಿಗೆ ಬರುವ ಹೆಸರು ಮೃಗಾಲಯದ್ದು. ಲಂಡನ್ನಿನ ಮೃಗಾಲಯ 1828ರಲ್ಲಿ ಪ್ರಾಣಿಶಾಸ್ತ್ರದ ಅಧ್ಯಯನಕ್ಕೆಂದು ತೆರೆದು, 1847ರಲ್ಲಿ ಸಾರ್ವಜನಿಕರನ್ನು ಒಳಗೆ ಬಿಟ್ಟಿತು. ಅಂದಿನಿಂದ ಇಂದಿನವರೆಗೆ ಮೃಗಾಲಯ ಎನ್ನುವುದು ನಿಂತು ನೋಡುವ ಜಾಗವೇ ಆಗಿದೆ, ಮತ್ತು ಬಹಳ ಕಡೆ ಅದನ್ನು ಕಟ್ಟಿರುವುದು ದೊಡ್ಡವರ ಕಣ್ಣಿನ ಎತ್ತರಕ್ಕೆ. ಕಟಕಟೆಯ ಮೇಲಿನ ಕಂಬಿ ನನ್ನ ಎದೆಮಟ್ಟಕ್ಕಿದ್ದರೆ ಅದು ಮೂರು ವರ್ಷದ ಮಗುವಿನ ತಲೆಗಿಂತ ಮೇಲಿರುತ್ತದೆ. ಹೀಗಾಗಿ ಪ್ರತಿ ಆವರಣದ ಮುಂದೆಯೂ ಮಗನನ್ನು ಎತ್ತಬೇಕು, ಇಳಿಸಬೇಕು, ಮತ್ತೆ ಎತ್ತಬೇಕು. ಇಷ್ಟಾದ ಮೇಲೂ ಕಾಣುವುದು ಹೆಚ್ಚಾಗಿ ಮಲಗಿದ ಸಿಂಹವೇ. ಸಿಂಹವು ದಿನಕ್ಕೆ ಇಪ್ಪತ್ತು ಗಂಟೆಯವರೆಗೂ ವಿಶ್ರಮಿಸುವ ಪ್ರಾಣಿ, ದೊಡ್ಡ ಬೆಕ್ಕಿನ ಜಾತಿಗಳು ಚುರುಕಾಗುವುದು ಬಿಸಿಲು ತಗ್ಗಿದ ಮೇಲೆ. ಕುಟುಂಬಗಳು ಒಳಹೋಗುವುದು ಸರಿಯಾಗಿ ಅವು ಮಲಗುವ ಹೊತ್ತಿಗೆ. “ಇದು ಯಾಕೆ ಏಳ್ತಾನೇ ಇಲ್ಲ?” ಎಂಬ ಪ್ರಶ್ನೆಗೆ ಹೇಳಬಹುದಾದ ಉತ್ತರವನ್ನು ಆರು ವರ್ಷದವಳು ಒಪ್ಪುತ್ತಾಳೆ, ಮೂರು ವರ್ಷದವನು ಒಪ್ಪುವುದಿಲ್ಲ.

ಆದರೂ ಮೃಗಾಲಯಕ್ಕೆ ಬೇರೆ ಯಾವ ಜಾಗವೂ ಕೊಡಲಾರದ ಒಂದು ಸಂಪತ್ತಿದೆ. ಮಾವುತರು ಆನೆಯ ಪಾದ ನೋಡಿಕೊಳ್ಳುವ ಹೊತ್ತಿಗೆ ನಾವು ಅಲ್ಲಿದ್ದೆವು. ಹೇಳಿದ ಮಾತಿಗೆ ಆನೆ ಮುಂಗಾಲನ್ನು ಎತ್ತಿ ಅಡ್ಡಕಂಬಿಯ ಮೇಲಿಟ್ಟಿತು, ಅವರು ಉಗುರಿನ ಅಂಚನ್ನು ಅರದಿಂದ ಉಜ್ಜಿ, ಅಂಗಾಲಿನ ಬಿರುಕಿನಲ್ಲಿ ಸಿಕ್ಕಿದ್ದ ಕಲ್ಲನ್ನು ತೆಗೆದರು. ಕಾಡಿನಲ್ಲಿ ಮೈಲಿಗಟ್ಟಲೆ ನಡೆಯುವ ಆನೆಯ ಉಗುರು ತಾನಾಗಿ ಸವೆಯುತ್ತದೆ, ಕಟ್ಟಿದ ಜಾಗದಲ್ಲಿ ಸವೆಯುವುದಿಲ್ಲ, ಅದಕ್ಕೇ ಈ ಆರೈಕೆ ಎಂದು ಅವರು ಮಗಳಿಗೆ ವಿವರಿಸಿದರು. ಮನೆಯಲ್ಲಿ ಉಗುರು ಕತ್ತರಿಸಲು ಹಟ ಮಾಡುವ ಹುಡುಗಿ ಅಂದು ಆನೆಯ ನಾಲ್ಕೂ ಕಾಲು ಮುಗಿಯುವವರೆಗೆ ಅಲುಗಾಡದೆ ನಿಂತಳು. ಆದ್ದರಿಂದ ಹೋಗುವವರಿಗೆ ನಾನು ಹೇಳುವುದು ಇಷ್ಟು: ನಕ್ಷೆ ಹಿಡಿದು ಎಲ್ಲ ಆವರಣಗಳನ್ನೂ ಮುಗಿಸಲು ಹೊರಡಬೇಡಿ, ಬಾಗಿಲು ತೆರೆದ ಕೂಡಲೇ ಒಳಹೋಗಿ, ಮೇವು ಹಾಕುವ ಮತ್ತು ಮೈತೊಳೆಯುವ ಸಮಯವನ್ನು ಮೊದಲೇ ಕೇಳಿಕೊಳ್ಳಿ, ಕೋತಿ ಮತ್ತು ನೀರುನಾಯಿಗಳಂಥ ಹಗಲಿನಲ್ಲಿ ಚಟುವಟಿಕೆಯಿಂದಿರುವ ಪ್ರಾಣಿಗಳ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಮೇಕೆ, ಮೊಲಗಳನ್ನು ಮುಟ್ಟಲು ಬಿಡುವ ಜಾಗವಿದ್ದರೆ ಹೊರಬಂದ ತಕ್ಷಣ ಸೋಪಿನಿಂದ ಕೈ ತೊಳೆಸಲೇಬೇಕು. ಆರೋಗ್ಯವಾಗಿ ಕಾಣುವ ಪ್ರಾಣಿಯಲ್ಲೂ ಸಾಲ್ಮೊನೆಲ್ಲಾ, ಇ. ಕೋಲಿಯಂಥ ರೋಗಾಣುಗಳಿರಬಹುದು, ಐದು ವರ್ಷದೊಳಗಿನ ಮಕ್ಕಳಿಗೆ ಅವುಗಳಿಂದ ಆಗುವ ಅಪಾಯ ಹೆಚ್ಚು; ಮಣ್ಣು ಮೆತ್ತಿದ ಕೈಗೆ ಸ್ಯಾನಿಟೈಸರ್ ಸಾಲದು.

ವಿಜ್ಞಾನ ಕೇಂದ್ರ ಇದಕ್ಕೆ ತದ್ವಿರುದ್ಧ. ಮುಟ್ಟಬೇಡಿ ಎಂಬ ಫಲಕದ ಬದಲು ಮುಟ್ಟಿ ನೋಡಿ ಎನ್ನುವ ಈ ಪರಂಪರೆಗೆ ಹಳೆಯ ಬೇರುಗಳಿವೆ: ಮಕ್ಕಳಿಗಾಗಿಯೇ ಮೀಸಲಾದ ಮೊದಲ ವಸ್ತುಸಂಗ್ರಹಾಲಯ 1899ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಆರಂಭವಾಯಿತು, ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಟ್ಟಿದ ಎಕ್ಸ್‌ಪ್ಲೊರೇಟೋರಿಯಂ ಜಗತ್ತಿನ ಎಷ್ಟೋ ಕೇಂದ್ರಗಳಿಗೆ ಮಾದರಿಯಾಯಿತು. ಇಂಥ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕಾಣುವ, ಮೇಲ್ಮುಖವಾಗಿ ಊದುವ ಗಾಳಿಯಲ್ಲಿ ತೇಲುವ ಚೆಂಡನ್ನು ಮಗಳು ತುಂಬ ಹೊತ್ತು ಬಿಡಲಿಲ್ಲ. ಚೆಂಡನ್ನು ಮೆಲ್ಲಗೆ ಹೊರಗೆಳೆದು ಬಿಟ್ಟರೆ, ಗಾಳಿ ಅದರ ಮೈಯನ್ನು ಬಳಸಿ ಬಾಗಿ ಹರಿಯುವುದರಿಂದ, ಅದು ಮತ್ತೆ ನಡುವಿಗೆ ಬಂದು ನಿಲ್ಲುತ್ತದೆ. ಎಷ್ಟು ಎಳೆದರೆ ಬೀಳುತ್ತದೆ, ಎಷ್ಟು ಎಳೆದರೆ ಮರಳುತ್ತದೆ ಎಂಬ ಗೆರೆಯನ್ನು ಅವಳ ಬೆರಳೇ ಕಂಡುಹಿಡಿಯಿತು. ಗುಂಡಿ ಒತ್ತಿದರೆ ದೀಪ ಹತ್ತುವ ಮಾದರಿಗಳನ್ನು ಮಾತ್ರ ಇಬ್ಬರೂ ಒತ್ತಿ ಓಡಿಬಿಡುತ್ತಾರೆ. ಒಂದು ಕೇಂದ್ರ ಚೆನ್ನಾಗಿದೆಯೇ ಇಲ್ಲವೇ ಎಂದು ತಿಳಿಯಲು ನನಗೆ ಈ ಗುರುತು ಸಾಕು: ಗುಂಡಿಗಳು ಹೆಚ್ಚಿವೆಯೇ, ಅಥವಾ ಸುರಿಯುವ, ತಿರುಗಿಸುವ, ಕಟ್ಟುವ ಕೆಲಸ ಹೆಚ್ಚಿದೆಯೇ?

ಮಗನ ವಿಚಾರದಲ್ಲಿ ಈ ಜಾಗದ ಮಿತಿ ಬೇಗ ಗೋಚರಿಸಿತು. ನೀರಿನ ಮೇಜಿನ ಬಳಿ, ಪುಟ್ಟ ತೂಬನ್ನು ಎತ್ತಿ ಇಳಿಸುತ್ತ ಅವನು ಸಂತೋಷವಾಗಿಯೇ ಇದ್ದ. ಆದರೆ ಮುಚ್ಚಿದ ಸಭಾಂಗಣದಲ್ಲಿ ಮಾರ್ದನಿಗೊಳ್ಳುವ ಗದ್ದಲ, ಕತ್ತಲ ಕೋಣೆಗಳು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಶೌಚಾಲಯದಲ್ಲಿ ಕೈ ಒಣಗಿಸುವ ಯಂತ್ರದ ಭೋರಾಟ ಅವನನ್ನು ಕಿವಿ ಮುಚ್ಚಿಕೊಳ್ಳುವಂತೆ ಮಾಡಿದವು. ಸರದಿ ಕಾಯುವುದೂ ಆ ವಯಸ್ಸಿಗೆ ಕಠಿಣವೇ. ಮಳೆಗಾಲಕ್ಕೂ ಸುಡುಬಿಸಿಲಿಗೂ ವಿಜ್ಞಾನ ಕೇಂದ್ರಕ್ಕೆ ಸಾಟಿಯಿಲ್ಲ, ಐದು ದಾಟಿದ ಮಕ್ಕಳಿಗೆ ಮೃಗಾಲಯಕ್ಕಿಂತ ಇದೇ ಮೇಲು. ಕಾಲಿಗೆ ಸಿಗಬೇಕಾದ ಓಟ ಮಾತ್ರ ಇಲ್ಲಿ ಸಿಗುವುದಿಲ್ಲ.

ಈಗ ಮರಳಿನ ಅಂಕಣ. ನನ್ನ ಒಲವು ಇದರ ಕಡೆಗೆ ಎಂದು ಮೊದಲೇ ಹೇಳಿಬಿಡುತ್ತೇನೆ, ಮತ್ತು ಆ ಒಲವಿಗೆ ಕಾರಣಗಳಿವೆ. ನಗರದ ಮಕ್ಕಳಿಗಾಗಿ ಮರಳು ರಾಶಿ ಹಾಕಿ ಆಡಲು ಬಿಡುವ ಪದ್ಧತಿ 1880ರ ದಶಕದಲ್ಲಿ ಬೋಸ್ಟನ್ನಿನಲ್ಲಿ, ಬರ್ಲಿನ್ನಿನ ಮಾದರಿಯನ್ನು ನೋಡಿ ಆರಂಭವಾಯಿತು. ಇಂದಿನ ಆಟದ ಮೈದಾನಗಳ ಇತಿಹಾಸದಲ್ಲಿ ಅದು ದೊಡ್ಡ ಹೆಜ್ಜೆ. ಮುಂದೆ ಡೆನ್ಮಾರ್ಕಿನ ಭೂದೃಶ್ಯ ವಿನ್ಯಾಸಕಾರ ಕಾರ್ಲ್ ಥಿಯೊಡೋರ್ ಸೊರೆನ್ಸೆನ್, ತಾನು ರೂಪಿಸಿದ ಅಚ್ಚುಕಟ್ಟಾದ ಮೈದಾನಗಳಿಗಿಂತ ಕಟ್ಟಡದ ಕೆಲಸ ನಡೆಯುವಲ್ಲಿ ಬಿದ್ದಿರುವ ಹಲಗೆ, ಇಟ್ಟಿಗೆಗಳನ್ನೇ ಮಕ್ಕಳು ಹೆಚ್ಚು ಇಷ್ಟಪಡುವುದನ್ನು ಗಮನಿಸಿದ. ಅವನ ಆಲೋಚನೆಯಂತೆ 1943ರಲ್ಲಿ, ದೇಶ ಜರ್ಮನರ ವಶದಲ್ಲಿದ್ದಾಗ, ಕೋಪನ್‌ಹೇಗನ್ನಿನ ಎಮ್ದ್ರುಪ್‌ನಲ್ಲಿ ಹಳೆಯ ಸಾಮಾನುಗಳ ಆಟದ ಮೈದಾನ ತೆರೆಯಿತು. ಮಗುವಿನ ಕೈಯಲ್ಲಿ ಬದಲಾಗಬಲ್ಲ ಬಿಡಿ ವಸ್ತುಗಳು ಹೆಚ್ಚಿದಷ್ಟೂ ಅದರ ಸೃಜನಶೀಲತೆಗೆ ಅವಕಾಶ ಹೆಚ್ಚು ಎಂಬ ವಿಚಾರವನ್ನು 1971ರಲ್ಲಿ ಬ್ರಿಟಿಷ್ ಕಲಾವಿದ ಸೈಮನ್ ನಿಕಲ್ಸನ್ ಮಂಡಿಸಿದರು. ಮರಳಿಗಿಂತ ಬಿಡಿಯಾದ, ಮರಳಿಗಿಂತ ವಿಧೇಯವಾದ ವಸ್ತು ಇನ್ನಾವುದಿದೆ?

ಒಣ ಮರಳು ನೀರಿನಂತೆ ಜಾರುತ್ತದೆ. ಅದಕ್ಕೇ ಸ್ವಲ್ಪ ನೀರು ಸೇರಿದರೆ ಕಣಗಳ ನಡುವಿನ ತೆಳುವಾದ ನೀರಿನ ಬಂಧದಿಂದ ಗೋಡೆ ನಿಲ್ಲುತ್ತದೆ. ನೀರು ಹೆಚ್ಚಾದರೆ ಗೋಡೆ ಕುಸಿಯುತ್ತದೆ. ಈ ಮೂರೂ ಸ್ಥಿತಿಗಳನ್ನು ಮಗ ಯಾರೂ ಹೇಳಿಕೊಡದೆ ದಾಟಿದ. ಅತ್ತ ಮಗಳು ಪರಿಚಯವೇ ಇಲ್ಲದ ಇನ್ನೊಬ್ಬ ಹುಡುಗಿಯೊಂದಿಗೆ ಸೇರಿ ಒಂದೇ ಗುಡ್ಡಕ್ಕೆ ಎರಡು ಕಡೆಯಿಂದ ಸುರಂಗ ತೋಡತೊಡಗಿದ್ದಳು. ಇಬ್ಬರೂ ಹೊಟ್ಟೆಯ ಮೇಲೆ ಮಲಗಿ, ತೋಳು ಭುಜದವರೆಗೆ ಒಳಗಿಟ್ಟು, ಕಣ್ಣು ಮುಚ್ಚಿ ಹುಡುಕುತ್ತಿದ್ದರು. ಕೊನೆಗೆ ಒಬ್ಬಳ ಬೆರಳು ಇನ್ನೊಬ್ಬಳ ಬೆರಳಿಗೆ ತಾಗಿದಾಗ ಕೇಳಿದ ಕಿರುಚಾಟಕ್ಕೆ ಜೋಕಾಲಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಚಿಕ್ಕ ಮಕ್ಕಳು ಮೊದಮೊದಲು ಒಂಟಿಯಾಗಿ, ಮತ್ತೆ ಅಕ್ಕಪಕ್ಕದಲ್ಲಿ ಕುಳಿತು ತಮ್ಮ ತಮ್ಮ ಪಾಡಿಗೆ, ಆಮೇಲೆ ಒಟ್ಟುಗೂಡಿ ಆಡುತ್ತಾರೆ ಎಂದು ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಂಗಡಿಸಿದ್ದರು. ಅಕ್ಕ ಒಟ್ಟಾಟದಲ್ಲಿ, ತಮ್ಮ ಅಕ್ಕಪಕ್ಕದ ಆಟದಲ್ಲಿ, ಒಂದೇ ಅಂಕಣದೊಳಗೆ ಇಬ್ಬರಿಗೂ ಅವರವರ ವಯಸ್ಸಿಗೆ ತಕ್ಕ ಜಾಗವಿತ್ತು. ವಯಸ್ಸಿನ ಅಂತರವಿರುವ ಮಕ್ಕಳ ತಂದೆತಾಯಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೊಂದಿಲ್ಲ.

ಎಚ್ಚರ ಬೇಕಾದ ಸಂಗತಿಗಳು ಇಲ್ಲಿಯೂ ಇವೆ. ಜಾರುಬಂಡೆಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರುವುದು ಸುರಕ್ಷಿತವೆಂದು ಬಹಳ ಮಂದಿ ನಂಬಿದ್ದಾರೆ. ವಾಸ್ತವದಲ್ಲಿ ಮಗುವಿನ ಪಾದ ಅಂಚಿಗೆ ಸಿಕ್ಕಿಕೊಂಡಾಗ ದೊಡ್ಡವರ ಭಾರವೂ ಸೇರಿ ಮುಂದಕ್ಕೆ ತಳ್ಳುವುದರಿಂದ ಮೊಣಕಾಲಿನ ಕೆಳಗಿನ ಮೂಳೆ ಮುರಿಯುವುದುಂಟು. ಮಗು ಒಂದೇ ಜಾರಲಿ, ಚಿಕ್ಕದಾದ ಜಾರುಬಂಡೆಯಲ್ಲಿ ಜಾರಲಿ. ಬಿಸಿಲಿಗೆ ಕಾದ ಲೋಹ, ಪ್ಲಾಸ್ಟಿಕ್, ರಬ್ಬರ್ ನೆಲಹಾಸು ಎಲ್ಲವೂ ಎಳೆಯ ಚರ್ಮವನ್ನು ಸುಡಬಲ್ಲವು, ಆದ್ದರಿಂದ ಮೊದಲು ನಮ್ಮ ಅಂಗೈ ಒತ್ತಿ ನೋಡಬೇಕು. ಟೋಪಿಯ ದಾರ, ಕೊರಳ ಸರಗಳನ್ನು ತೆಗೆದಿಡಬೇಕು. ರಾತ್ರಿ ಮುಚ್ಚದ ಅಂಕಣವಾದರೆ ಬೆಕ್ಕುಗಳು ಅದನ್ನು ಮಲವಿಸರ್ಜನೆಗೆ ಬಳಸಿರಬಹುದು. ಹಾರೆಯಿಂದ ಒಮ್ಮೆ ಕೆದಕಿ ನೋಡಿಯೇ ಮಕ್ಕಳನ್ನು ಬಿಡುವುದು ಒಳ್ಳೆಯದು.

ಕೊಳದ ದಂಡೆ ಈ ನಾಲ್ಕರಲ್ಲಿ ಅತ್ಯಂತ ಸಮೃದ್ಧವಾದುದು ಮತ್ತು ದೊಡ್ಡವರಿಂದ ಅತ್ಯಂತ ಹೆಚ್ಚು ಬೇಡುವಂಥದು. ನೀರಿನ ಮೇಲೆ ಕಾಲು ನೆನೆಯದಂತೆ ಓಡುವ ಕೀಟ, ಏರೋಪ್ಲೇನ್ ಚಿಟ್ಟೆಯ ಮರಿ, ಗೊದಮೊಟ್ಟೆಗಳು, ಇವೆಲ್ಲ ಮಗುವಿನ ಕಣ್ಣಿನ ಎತ್ತರದಲ್ಲಿಯೇ ಇರುತ್ತವೆ, ನಡುವೆ ಕಂಬಿಯಿಲ್ಲ. ಗೊದಮೊಟ್ಟೆಗೆ ಹಿಂಗಾಲು ಮೊದಲು ಮೂಡಿ ಮುಂಗಾಲು ಆಮೇಲೆ ಬರುತ್ತದೆ ಎಂಬುದನ್ನು ಮಗಳು ಕೆಲವು ವಾರಗಳ ಅಂತರದಲ್ಲಿ ಅದೇ ದಂಡೆಗೆ ಹೋಗಿ ತಾನೇ ಗುರುತಿಸಿದಳು, ಮತ್ತು ಬಾಲ ಎಲ್ಲಿ ಹೋಯಿತೆಂದು ಮನೆಗೆ ಬಂದ ಮೇಲೂ ಕೇಳುತ್ತಿದ್ದಳು. ಆದರೆ ಮಗು ಮುಳುಗಲು ಕೆಲವೇ ಅಂಗುಲ ನೀರು ಸಾಕು, ಮುಳುಗುವ ಮಗು ಕೂಗುವುದೂ ಇಲ್ಲ. ಒಬ್ಬ ಮಗುವಿಗೆ ಒಬ್ಬರು ದೊಡ್ಡವರು, ಕೈಚಾಚಿದರೆ ಸಿಗುವ ದೂರ, ಜೇಬಿನಿಂದ ಹೊರಬಾರದ ಮೊಬೈಲ್: ಇಷ್ಟಿಲ್ಲದೆ ಅಲ್ಲಿಗೆ ಹೋಗಲೇಬಾರದು. ಇಬ್ಬರು ಮಕ್ಕಳೊಂದಿಗೆ ನಾನೊಬ್ಬಳೇ ಇರುವ ದಿನ ಕೊಳದ ಹೆಸರನ್ನೇ ಎತ್ತುವುದಿಲ್ಲ.

ಗ್ರಂಥಾಲಯದ ಕಥಾ ಸಮಯ ಚಿಕ್ಕದು, ಚೊಕ್ಕದು. ಅರ್ಧ ಗಂಟೆಯ ಮೇಲೆ ಯಾರೂ ಬಲವಂತ ಮಾಡುವುದಿಲ್ಲ, ಮತ್ತು ಕಥೆ ಹೇಳುವವರು ಪುಸ್ತಕವನ್ನು ಮಕ್ಕಳತ್ತ ತಿರುಗಿಸಿ ಹಿಡಿದು ಓದಬಲ್ಲವರಾದರೆ ಮೂರು ವರ್ಷದವರೂ ಕೂರುತ್ತಾರೆ. ರೈಲಿನ ಕಿರುಪಯಣ ನನ್ನ ಮಗನ ಪಾಲಿನ ಹಬ್ಬ. ಎರಡು ಮೂರು ನಿಲ್ದಾಣ ಹೋಗಿ, ಇಳಿದು, ಎದುರಿನ ಗಾಡಿ ಹತ್ತಿ ಹಿಂದಿರುಗುವುದಷ್ಟೇ ಕಾರ್ಯಕ್ರಮ. ತಲುಪಬೇಕಾದ ಊರೇ ಇಲ್ಲವಾದ್ದರಿಂದ ಅವಸರವೂ ಇಲ್ಲ. ಕಿಟಕಿಯ ಪಕ್ಕದ ಆಸನ ಸಿಗುವ, ಜನ ವಿರಳವಾದ ಹೊತ್ತನ್ನು ಆರಿಸಿಕೊಂಡರೆ ಸಾಕು.

ಒಟ್ಟಿನಲ್ಲಿ ನಮ್ಮ ಮನೆಯಲ್ಲಿ ಈಗಿನ ಕ್ರಮ ಹೀಗಿದೆ. ಇಬ್ಬರೂ ಮಕ್ಕಳು, ಒಬ್ಬರೇ ದೊಡ್ಡವರು ಎಂದಾದರೆ ಕಣ್ಣು ಮುಚ್ಚಿ ಮರಳಿನ ಅಂಕಣ; ಗಂಡ ಹೆಂಡತಿ ಇಬ್ಬರೂ ಇದ್ದು ಹವೆ ಹಿತವಾಗಿದ್ದರೆ ಕೊಳದ ದಂಡೆ. ಮಳೆ ಹಿಡಿದರೆ ವಿಜ್ಞಾನ ಕೇಂದ್ರ, ಅದೂ ಮಗನನ್ನು ಯಾರಾದರೂ ನಡುನಡುವೆ ಹೊರಗೆ ಕರೆದೊಯ್ಯುವಂತಿದ್ದರೆ. ಅಜ್ಜ ಅಜ್ಜಿ ಜೊತೆಗಿದ್ದಾಗ ಮೃಗಾಲಯ ಮೊದಲ ಸ್ಥಾನಕ್ಕೆ ಬರುತ್ತದೆ: ನೆರಳಿನ ಬೆಂಚು, ಹತ್ತಿರದ ಶೌಚಾಲಯ, ಸಮತಟ್ಟಾದ ದಾರಿ ಅಲ್ಲಿ ಸಿಗುತ್ತವೆ, ಮತ್ತು ಮೊಮ್ಮಗನನ್ನು ಎತ್ತಿ ತೋರಿಸುವ ಕೆಲಸವನ್ನು ಅಜ್ಜ ನಮಗೆ ಬಿಟ್ಟುಕೊಡುವುದಿಲ್ಲ.